ಕಕ್ಕಡದ ಮಳೆ, ಮದ್ದುಸೊಪ್ಪು ಮತ್ತು ಮನ್ನಾರಿನ ಗದ್ದೆ

ಮೊದಲ ದಿನ

ಹುಣಸೂರು ದಾಟುವವರೆಗೂ ಬರೀ ಮೋಡ. ಪಿರಿಯಾಪಟ್ಟಣದ ಆಸುಪಾಸಿನಲ್ಲಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳ ವಾಸನೆ ಕಾರಿನೊಳಗೇ ಬಂತು. ಕುಶಾಲನಗರದ ಸೇತುವೆಯ ಕೆಳಗೆ ಕಾವೇರಿ ಕೆಂಪಗೆ ತುಂಬಿ ಹರಿಯುತ್ತಿತ್ತು. ಆನೆಕಾಡು ಹೊಕ್ಕೊಡನೆ ಹಿಡಿದ ಮಳೆ ನಾಲ್ಕು ದಿನವೂ ನಮ್ಮನ್ನು ಬಿಡಲಿಲ್ಲ.

ಆಗಸ್ಟ್ ಮೊದಲ ವಾರ ಕೊಡಗಿಗೆ ಹೋಗುವುದು ಬೇಡ ಎಂದು ಮನೆಯಲ್ಲಿ ಎಲ್ಲರೂ ಹೇಳಿದ್ದರು. ನಮಗೆ ಬೇಕಾಗಿದ್ದೇ ಆ ವಾರ. ಆಗಸ್ಟ್ 3ರಂದು ಕಕ್ಕಡ ಪದಿನೆಟ್ಟ್, ಅಂದರೆ ಕಕ್ಕಡ ತಿಂಗಳ ಹದಿನೆಂಟನೆಯ ದಿನ. ಅವತ್ತು ಮದ್ದುಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ಕೂಡಿರುತ್ತದೆ ಎನ್ನುವುದು ಇಲ್ಲಿಯವರ ನಂಬಿಕೆ. ಮಗಳು ಸಸ್ಯಶಾಸ್ತ್ರ ಓದುತ್ತಿದ್ದಾಳೆ. ಆ ಸೊಪ್ಪನ್ನು ಅವಳು ಗಿಡದಲ್ಲೇ ನೋಡಬೇಕಿತ್ತು, ನನಗೆ ಅದರ ಪಾಯಸ ತಿನ್ನಬೇಕಿತ್ತು. ಪೆಟ್ರೋಲನ್ನೂ ಚಿಲ್ಲರೆ ಹಣವನ್ನೂ ಕುಶಾಲನಗರದಲ್ಲೇ ಮಾಡಿಕೊಂಡಿದ್ದು ಒಳ್ಳೆಯದಾಯಿತು. ಮಡಿಕೇರಿ ದಾಟಿದ ಮೇಲೆ ಕರೆಂಟೂ ಇರಲಿಲ್ಲ, ನೆಟ್‌ವರ್ಕೂ ಇರಲಿಲ್ಲ, ಫೋನಿನಲ್ಲಿ ದುಡ್ಡು ಕಳಿಸುವ ಮಾತೇ ಇರಲಿಲ್ಲ.

ಮಡಿಕೇರಿಯಲ್ಲಿ ಮಂಜು ಎಷ್ಟಿತ್ತೆಂದರೆ ರಾಜಾಸೀಟಿಗೆ ಹೋದವರಿಗೆ ಕಂಡಿದ್ದು ಕಬ್ಬಿಣದ ಬೇಲಿ ಮಾತ್ರ. ಹಾಗಾಗಿ ಮಧ್ಯಾಹ್ನವೆಲ್ಲ ಜನರಲ್ ತಿಮ್ಮಯ್ಯನವರ ಮನೆ ‘ಸನ್ನಿಸೈಡ್’ನಲ್ಲಿ ಕಳೆದೆವು. ಅದೀಗ ವಸ್ತುಸಂಗ್ರಹಾಲಯ, 2021ರ ಫೆಬ್ರವರಿಯಲ್ಲಿ ರಾಷ್ಟ್ರಪತಿ ರಾಮನಾಥ ಕೋವಿಂದ್ ಬಂದು ಉದ್ಘಾಟಿಸಿದ್ದು. ಮಳೆಗಾಲದಲ್ಲಿ ಮಡಿಕೇರಿಗೆ ಬಂದವರು ಬೆಟ್ಟ, ಜಲಪಾತ ಎಂದು ನೆನೆಯುವ ಬದಲು ಇಲ್ಲಿ ಎರಡು ಗಂಟೆ ಕೂರಬಹುದು. ಹಳೆಯ ಮರದ ಮೆಟ್ಟಿಲು, ಹೆಂಚಿನ ಮೇಲೆ ಮಳೆಯ ಸದ್ದು. ಅಂಗಳದಲ್ಲಿದ್ದ ಯುದ್ಧ ಟ್ಯಾಂಕಿನ ಮೈಯಿಂದ ನೀರು ಇಳಿಯುತ್ತಿತ್ತು.

ತಿಮ್ಮಯ್ಯನವರು 1953ರಲ್ಲಿ ಕೊರಿಯಾದಲ್ಲಿ ಯುದ್ಧಕೈದಿಗಳನ್ನು ಮರಳಿಸುವ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿದ್ದರು. 1964ರಲ್ಲಿ ಸೈಪ್ರಸ್ಸಿಗೆ ವಿಶ್ವಸಂಸ್ಥೆಯ ಶಾಂತಿಪಡೆಯ ದಂಡನಾಯಕರಾಗಿ ಹೋದರು, 1965ರ ಡಿಸೆಂಬರ್ 18ರಂದು ಅಲ್ಲೇ ತೀರಿಕೊಂಡರು. ಸೈಪ್ರಸ್ ಅವರ ಅಂಚೆಚೀಟಿ ತಂದಿದೆ ಎಂದು ಓದಿದಾಗ ಮಗಳು ಕೇಳಿದಳು: “ಅಮ್ಮ, ಆ ದ್ವೀಪ ಈಗ ಹೇಗಿದೆ?” ರಾತ್ರಿ ಲಾಡ್ಜಿನಲ್ಲಿ, ನೂಪುಟ್ಟು ಕೋಳಿಸಾರು ಮುಗಿಸಿ, ನೆಟ್‌ವರ್ಕ್ ಇದ್ದ ಕೊನೆಯ ಗಂಟೆಯಲ್ಲಿ ಹುಡುಕಿ ಓದಿದೆವು. 1974ರ ಯುದ್ಧದಲ್ಲಿ ದ್ವೀಪ ಎರಡಾಯಿತು. ನಡುವೆ ವಿಶ್ವಸಂಸ್ಥೆ ಕಾಯುವ ಪಟ್ಟಿ, ಆ ಪಟ್ಟಿಯ ತುಂಬ ನೆಲಬಾಂಬು. ಮೂವತ್ತು ವರ್ಷದ ಮೇಲೆ, 2004ರಿಂದ 2011ರವರೆಗೆ, ಐರೋಪ್ಯ ಒಕ್ಕೂಟದ ಹಣದಲ್ಲಿ ವಿಶ್ವಸಂಸ್ಥೆಯ ತಂಡ ಅಲ್ಲಿಂದ 27,000ಕ್ಕೂ ಹೆಚ್ಚು ನೆಲಬಾಂಬು ತೆಗೆದು ನಾಶಮಾಡಿತು. ಕೊರಿಯಾದ ನಡುಪಟ್ಟಿಯಲ್ಲಿ ಇವತ್ತಿಗೂ ತೆಗೆದು ಮುಗಿದಿಲ್ಲ.

ದೀಪ ಆರಿಸಿದ ಮೇಲೂ ಆ ಸಂಖ್ಯೆ ತಲೆಯಲ್ಲಿತ್ತು. ಮರುದಿನ ನಾವು ಉಳಿಯಲಿದ್ದ ಮನೆಯ ಯಜಮಾನರು ಇದೇ ಕೆಲಸ ಮಾಡಿ ಬಂದವರು ಎಂಬುದು ಆಗ ಗೊತ್ತಿರಲಿಲ್ಲ.

ಎರಡನೆಯ ದಿನ

ಮೂರ್ನಾಡಿನವರೆಗೆ ರಸ್ತೆ ಚೆನ್ನಾಗಿತ್ತು. ನಾಪೋಕ್ಲು ಕಡೆ ತಿರುಗಿ ಸ್ವಲ್ಪ ದೂರ ಹೋದರೆ ಬೊಳಿಬಾಣೆಯಲ್ಲಿ ಕಾವೇರಿ ರಸ್ತೆಗೇ ಬಂದಿದ್ದಳು. ಎರಡೂ ಬದಿ ಗದ್ದೆ ಕೆರೆಯಂತಾಗಿ, ರಸ್ತೆ ಎಲ್ಲಿ, ಚರಂಡಿ ಎಲ್ಲಿ ಒಂದೂ ತಿಳಿಯದು. ಪ್ರತಿ ಮಳೆಗಾಲದಲ್ಲೂ ಇಲ್ಲಿ ಹೀಗೇ ಅಂತೆ. ಅರ್ಧ ಗಂಟೆ ಸಾಲಿನಲ್ಲಿ ನಿಂತೆವು. ನೀರು ಮೊಣಕಾಲಿಗಿಂತ ಕೆಳಗಿದೆ ಎಂದು ಗೊತ್ತಾದ ಮೇಲೆ ಎದುರಿಗಿದ್ದ ಜೀಪಿನ ಡ್ರೈವರ್ ಇಳಿದು ಬಂದರು.

“ಮೇಡಂ, ನನ್ನ ಜೀಪಿನ ಚಕ್ರ ಹೋದಲ್ಲೇ ನಿಮ್ಮ ಚಕ್ರ ಬರಲಿ. ಒಂದಡಿ ಆಚೆ ಈಚೆ ಬೇಡ. ಎಡಗಡೆ ರಸ್ತೆ ಕುಸಿದಿದೆ, ನೀರಲ್ಲಿ ಕಾಣೋದಿಲ್ಲ.”

ಹಾಗೇ ಹೋದೆವು. ಇಪ್ಪತ್ತು ನಿಮಿಷದ ದಾರಿಗೆ ಒಂದೂವರೆ ಗಂಟೆ. ನಾಪೋಕ್ಲಿನ ಹೋಟೆಲಿನಲ್ಲಿ ಬಿಸಿ ಪರೋಟ, ಕರಿಕಾಫಿ ಹೊಟ್ಟೆಗೆ ಬಿದ್ದ ಮೇಲೆ ಸ್ಟೀರಿಂಗ್ ಹಿಡಿದಿದ್ದ ಕೈಯ ನಡುಕ ನಿಂತಿತು.

ಕಕ್ಕಬ್ಬೆಯಿಂದ ಮೇಲೆ ತಡಿಯಂಡಮೋಳ್ ಬೆಟ್ಟದ ಬದಿಗೆ ಕಾರು ಹತ್ತಲಿಲ್ಲ. ಹೋಂಸ್ಟೇಯ ಜೀಪು ಕೆಳಗೆ ಬಂದು ಕರೆದೊಯ್ದಿತು. ಗೇಟಿನಿಂದ ಮನೆಯವರೆಗೆ ನಡೆದ ನೂರು ಹೆಜ್ಜೆಯಲ್ಲಿ ಮಗಳ ಕಾಲಿಗೆ ನಾಲ್ಕು ಇಂಬಳ, ನನಗೆ ಆರು. ಹೋಂಸ್ಟೇಯ ಯಜಮಾನಿ ಆಂಟಿ ಬಾಗಿಲಲ್ಲೇ ಉಪ್ಪಿನ ಗಂಟು ಹಿಡಿದು ನಿಂತಿದ್ದರು. ಕಿತ್ತು ಎಳೆಯಬೇಡಿ, ಉಪ್ಪು ಮುಟ್ಟಿಸಿ, ತಾನೇ ಬಿಡುತ್ತದೆ ಎಂದರು. ಬರುವವರು ಉದ್ದ ಕಾಲುಚೀಲವನ್ನು ಪ್ಯಾಂಟಿನ ಮೇಲೆ ಎಳೆದು ಕಟ್ಟಿಕೊಂಡರೆ ಅರ್ಧ ಕಷ್ಟ ಕಡಿಮೆ.

ಮನೆಯ ಯಜಮಾನರನ್ನು ಊರವರೆಲ್ಲ ಸುಬೇದಾರ್ರು ಎಂದೇ ಕರೆಯುತ್ತಾರೆ. ಎಪ್ಪತ್ತರ ಹತ್ತಿರ, ತೆಳ್ಳಗಿನ ಆಳು. ಸೇನೆಯ ಎಂಜಿನಿಯರ್ ದಳದಲ್ಲಿದ್ದವರು. ಕಡಂಬುಟ್ಟು, ಪಂದಿಕರಿ, ಬೈಂಬಳೆ ಪಲ್ಯದ ಊಟ. ಪಂದಿಕರಿಯಲ್ಲಿ ಕಾಚಂಪುಳಿಯ ಹುಳಿ ನಾಲಗೆಯ ಮೇಲೆ ಬಹಳ ಹೊತ್ತು ಉಳಿಯಿತು. ಕರೆಂಟು ಹೋಗಿ ಎರಡನೆಯ ದಿನ. ಒಲೆಯ ಬೆಳಕಿನಲ್ಲಿ ಕೂತು ಬೊಳಿಬಾಣೆಯ ಕಥೆ ಹೇಳಿದೆ. “ಜೀಪಿನ ಜಾಡಿನಲ್ಲೇ ಬಂದಿರಾ? ಸರಿ ಮಾಡಿದಿರಿ. ನಾವು ಹನ್ನೊಂದು ವರ್ಷ ಹಾಗೇ ನಡೆದದ್ದು” ಎಂದರು. ಅಲ್ಲಿಂದ ಮಾತು ಬೆಳೆಯಿತು.

2001ರ ಡಿಸೆಂಬರಿನಲ್ಲಿ ಸಂಸತ್ತಿನ ಮೇಲೆ ದಾಳಿಯಾದ ಮೇಲೆ ಆಪರೇಷನ್ ಪರಾಕ್ರಮ್. ಪಶ್ಚಿಮದ ಗಡಿಯುದ್ದಕ್ಕೂ ಸೇನೆ ನೆಲಬಾಂಬು ಹೂತಿತು. ರೈತರ ಹೊಲಗಳಲ್ಲೂ ಹೂತಿತು. ಯುದ್ಧ ಆಗಲಿಲ್ಲ. 2002ರ ಕೊನೆಗೆ ಸೇನೆ ಹಿಂದೆ ಸರಿಯಿತು. “ರಾಜಸ್ಥಾನದಲ್ಲಿ ಇಟ್ಟವನೂ ನಾನು, ತೆಗೆದವನೂ ನಾನು. ಇಡುವಾಗ ನಕ್ಷೆ ಬರೆದಿದ್ದೆವು, ಸಾಲು, ಅಂತರ ಎಲ್ಲ ಇತ್ತು. ತೆಗೆಯಲು ಹೋದರೆ ಮರಳು ಜಾಗ ಬದಲಿಸಿತ್ತು. ನಮ್ಮದೇ ನಕ್ಷೆ, ನಮ್ಮದೇ ಮೈನು, ಆದರೂ ಲೆಕ್ಕ ಸೇರಲಿಲ್ಲ. ನನ್ನ ಹಿಂದಿದ್ದ ಹುಡುಗನ ಪಾದ ಹೋಯಿತು.”

ಒಲೆಯ ಕೊಳ್ಳಿಯನ್ನು ಮುಂದಕ್ಕೆ ದೂಡಿದರು. ಹೊರಗೆ ಎಲ್ಲೋ ಮರ ಬಿದ್ದ ಸದ್ದಾಯಿತು.

2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಗುಡ್ಡಗಳು ಜಾರಿದಾಗ ತಮಗೆ ಮೊದಲು ನೆನಪಾಗಿದ್ದು ಬೋಸ್ನಿಯ ಎಂದರು. ನಿವೃತ್ತಿಯ ಮೇಲೆ ನೆಲಬಾಂಬು ತೆಗೆಯಲು ಹೋಗಿ ಶ್ರೀಲಂಕಾದಲ್ಲಿದ್ದಾಗ ಪಕ್ಕದ ತಂಡದಲ್ಲಿ ಬೋಸ್ನಿಯದವನೊಬ್ಬ ಮೇಲ್ವಿಚಾರಕನಾಗಿದ್ದನಂತೆ. 2014ರ ಮೇ ತಿಂಗಳಲ್ಲಿ ಅವನ ದೇಶದಲ್ಲಿ ಪ್ರವಾಹ, ಸಾವಿರಾರು ಕಡೆ ಭೂಕುಸಿತ. ತೊಂಬತ್ತರ ದಶಕದ ಯುದ್ಧದಲ್ಲಿ ಹೂತ ನೆಲಬಾಂಬುಗಳು ಮಣ್ಣಿನ ಜೊತೆ ಕೆಳಗಿಳಿದವು, ‘ಅಪಾಯ’ ಎಂದು ನೆಟ್ಟಿದ್ದ ಫಲಕಗಳೂ ತೇಲಿಹೋದವು. ಗುರುತು ಹಾಕಿದ ಜಾಗದಲ್ಲಿ ಮೈನಿಲ್ಲ, ಮೈನಿರುವ ಜಾಗದಲ್ಲಿ ಗುರುತಿಲ್ಲ. “ನಮಗೆ 2018ರಲ್ಲಿ ಮಣ್ಣೊಂದೇ ಬಂತು” ಎಂದರು ಸುಬೇದಾರ್ರು. ಮನೆ ಕಳೆದುಕೊಂಡವರ ನೋವು ಅವರಿಗೆ ಗೊತ್ತಿಲ್ಲದ್ದಲ್ಲ. ಅವರ ಅಕ್ಕನ ತೋಟವೇ ಆ ವರ್ಷ ಹೋಗಿದೆ.

ಮೂರನೆಯ ದಿನ

ಬೆಳಿಗ್ಗೆ ಆಂಟಿಯ ಜೊತೆ ಮಗಳು ತೋಟದ ಅಂಚಿಗೆ ಹೋಗಿ ಮದ್ದುಸೊಪ್ಪು ಕೊಯ್ದು ತಂದಳು. ಕೊಡವ ತಕ್ಕ್‌ನಲ್ಲಿ ಮದ್ದ್ ತೊಪ್ಪ್. ನೋಡಲು ಹಸಿರು ಎಲೆ, ವಿಶೇಷ ಏನೂ ಕಾಣದು. ನೀರಿಗೆ ಹಾಕಿ ಕುದಿಸಿದರೆ ಪಾತ್ರೆಯೆಲ್ಲ ಕಡು ನೇರಳೆ. ಆ ನೀರಿನಲ್ಲಿ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನಹಾಲು ಸೇರಿಸಿದರೆ ಪಾಯಸ. ಮಣ್ಣಿನ ಹಾಗೆ, ಹಸಿ ಗರಿಕೆಯ ಹಾಗೆ ಒಂದು ಪರಿಮಳ. ಮರುದಿನ ಮೂತ್ರ ಕೆಂಪಾದರೆ ಹೆದರಬೇಡಿ ಎಂದು ಆಂಟಿ ಮೊದಲೇ ಹೇಳಿಬಿಟ್ಟರು. ಹೊಸಬರಿಗೆ ಇದನ್ನು ಹೇಳದಿದ್ದರೆ ಡಾಕ್ಟರ ಹತ್ತಿರ ಓಡುತ್ತಾರಂತೆ.

ತಿಂಡಿಯಾದ ಮೇಲೆ ಕೊಟ್ಟಿಗೆಗೆ ಹೋದೆವು. ಅಲ್ಲಿದ್ದ ಕಂದು ಹಸುವಿನ ಕೆಳತುಟಿ ಒಂದು ಬದಿ ಇರಲಿಲ್ಲ. ಹಲ್ಲು, ವಸಡು ಹೊರಗೇ ಕಾಣುತ್ತಿತ್ತು. ಆಂಟಿ ಬಾಳೆಲೆಯನ್ನು ದೊನ್ನೆಯಂತೆ ಮಡಿಸಿ ಅದರಲ್ಲಿ ಗಂಜಿ ಹಿಡಿದರು. ಅದು ತಲೆ ಓರೆ ಮಾಡಿ, ನಾಲಗೆಯಿಂದ ಎಳೆದು ಎಳೆದು ಕುಡಿಯಿತು. ಅರ್ಧ ಗಂಜಿ ಗಾಯದ ಬದಿಯಿಂದ ನೆಲಕ್ಕೆ ಸೋರಿತು. ಕಾಡುಹಂದಿ ಹೊಡೆಯಲು ಯಾರೋ ಹಿಟ್ಟಿನ ಉಂಡೆಯೊಳಗೆ ಸಿಡಿಯುವ ಮದ್ದು ಇಟ್ಟಿದ್ದರು. ಮೇಯಲು ಹೋದ ಹಸು ಅದನ್ನು ಕಚ್ಚಿತ್ತು. ಹೀಗಾದ ಹಸುಗಳು ಉಳಿಯುವುದು ಅಪರೂಪ, ಇದು ಹೇಗೋ ಉಳಿಯಿತು.

“ಇಟ್ಟವನು ಯಾರು ಅಂತ ಗೊತ್ತಾಯಿತಾ?” ಎಂದು ಕೇಳಿದೆ.

“ಗೊತ್ತಾಗಿ ಏನು ಮಾಡೋದು? ಅವನು ಹಂದಿಗೆ ಅಂತಲೇ ಇಟ್ಟ. ಆ ಉಂಡೆಗೆ ಹಂದಿ ಯಾವುದು, ಹಸು ಯಾವುದು ಅಂತ ಗೊತ್ತಿಲ್ಲ. ನಾನು ರಾಜಸ್ಥಾನದಲ್ಲಿ ಇಟ್ಟದ್ದೂ ಹಾಗೇ.”

ಅವರು ಹಾಗೆ ಹೇಳಿದಾಗ ಆಂಟಿ ತಲೆ ಎತ್ತಲಿಲ್ಲ, ಗಂಜಿ ಹಿಡಿದೇ ಇದ್ದರು. ಒಂದೇ ಬೆಳಿಗ್ಗೆಯಲ್ಲಿ ಮದ್ದು ಎಂಬ ಮಾತನ್ನು ಅಡುಗೆಮನೆಯಲ್ಲಿ ಒಮ್ಮೆ, ಕೊಟ್ಟಿಗೆಯಲ್ಲಿ ಒಮ್ಮೆ ಕೇಳಿದ್ದೆ.

ಸೇನೆಯಿಂದ ನಿವೃತ್ತರಾದ ಮೇಲೆ ಅವರು ಶ್ರೀಲಂಕಾಕ್ಕೆ ಹೋದರು. ಭಾರತ ಸರ್ಕಾರದ ಹಣದಲ್ಲಿ ನಿವೃತ್ತ ಸೈನಿಕರ ತಂಡಗಳು ಅಲ್ಲಿಯ ಉತ್ತರ ಭಾಗದಲ್ಲಿ ನೆಲಬಾಂಬು ತೆಗೆಯುತ್ತಿದ್ದವು. 2009ರ ಮೇ ತಿಂಗಳಲ್ಲಿ ಅಲ್ಲಿಯ ಅಂತರ್ಯುದ್ಧ ಮುಗಿದ ಮೇಲೆ ಇವರ ತಂಡಕ್ಕೆ ಬಂದದ್ದು ಮನ್ನಾರ್ ಕಡೆಯ ಭತ್ತದ ಬಯಲು. “1987ರಲ್ಲಿ ನಮ್ಮ ಸೇನೆ ಅಲ್ಲಿಗೆ ಹೋಗಿ, 1990ರಲ್ಲಿ ವಾಪಸು ಬರುವಷ್ಟರಲ್ಲಿ ಸುಮಾರು 1200 ಜನ ಸತ್ತಿದ್ದರು. ನಮ್ಮ ಊರುಗಳಲ್ಲೂ ಆ ಲೆಕ್ಕದವರಿದ್ದಾರೆ. ಮತ್ತೆ ಅಲ್ಲಿಗಾ ಅಂತ ಇವಳು ಅತ್ತಳು” ಎಂದು ಆಂಟಿಯ ಕಡೆ ನೋಡಿದರು.

ಮಳೆ ಸ್ವಲ್ಪ ಹೊಳವಾದಾಗ ಮಗಳು, ಹೇಗೆ ತೆಗೆಯುತ್ತೀರಿ ತೋರಿಸಿ ಅಂಕಲ್ ಎಂದಳು. ಅವರು ಎದ್ದು ಶೆಡ್ಡಿನಿಂದ ಕಣದಲ್ಲಿ ಕಾಫಿ ಎಳೆಯುವ ಗೋರೆ, ಒಂದು ಕೊಡೆಕಡ್ಡಿ, ಖಾಲಿ ಬೂಟ್ ಪಾಲಿಶ್ ಡಬ್ಬಿ ತಂದರು. ಹೂವಿನ ಮಡಿಯ ಒದ್ದೆ ಮಣ್ಣಿನಲ್ಲಿ ನಾಲ್ಕು ಬೆರಳು ಆಳಕ್ಕೆ ಡಬ್ಬಿ ಹೂತು ಸವರಿದರು. “ಹೆಚ್ಚಿನವು ಇಷ್ಟೇ ಗಾತ್ರ. ಪೂರಾ ಪ್ಲಾಸ್ಟಿಕ್. ಒಳಗೆ ಲೋಹ ಅಂದರೆ ಸೂಜಿಯಷ್ಟು. ಡಿಟೆಕ್ಟರ್ ಅದಕ್ಕೂ ಕೂಗಬೇಕು, ಮೊಳೆಗೂ ಕೂಗುತ್ತದೆ, ಗುಂಡಿನ ಚೂರಿಗೂ ಕೂಗುತ್ತದೆ. ಪ್ರತಿ ಕೂಗಿಗೂ ಮೈನು ಅಂತಲೇ ತಿಳಿದು ಅಗೆಯಬೇಕು.”

ಆಮೇಲೆ ಮಂಡಿಯೂರಿದರು. ಎಡಗೈ ನೆಲದ ಮೇಲೆ, ಬಲಗೈಯಲ್ಲಿ ಕೊಡೆಕಡ್ಡಿ ಓರೆಯಾಗಿ, ಸುಮಾರು ಮೂವತ್ತು ಡಿಗ್ರಿ. ಒಂದು ಬೆರಳು ದೂರಕ್ಕೊಂದು ಚುಚ್ಚು. ಮೇಲಿನಿಂದ ನೆಟ್ಟಗೆ ಚುಚ್ಚಿದರೆ ಮೈನಿನ ತಲೆಗೆ ತಗಲುತ್ತದೆ, ಅದು ಕಾಯುತ್ತಿರುವುದೇ ತಲೆಯ ಮೇಲಿನ ಒತ್ತಡಕ್ಕೆ. ಓರೆಯಾಗಿ ಹೋದರೆ ಪಕ್ಕೆಗೆ ತಗಲುತ್ತದೆ. ಏಳನೆಯದೋ ಎಂಟನೆಯದೋ ಚುಚ್ಚಿಗೆ ಕಡ್ಡಿ ‘ಟಕ್’ ಎಂದಿತು. ಆಟ ಎಂದು ಗೊತ್ತಿದ್ದರೂ ನಾನು ಹಿಂದೆ ಸರಿದೆ. ಅವರು ಕಡ್ಡಿ ಬಿಟ್ಟು, ಗೋರೆಯಿಂದ ಮಣ್ಣನ್ನು ಮುಂದಿನಿಂದ ತಮ್ಮ ಕಡೆಗೆ ತೆಳುವಾಗಿ ಎಳೆದರು, ಮತ್ತೆ ಎಳೆದರು. ಡಬ್ಬಿಯ ಪಕ್ಕೆ ಕಂಡಿತು. ಲೋಹದ ಚೂರು ವಿಪರೀತ ಇದ್ದ ಕಡೆ, ಡಿಟೆಕ್ಟರ್ ಕೆಲಸಕ್ಕೆ ಬಾರದೆ, ಹೀಗೆ ಗೋರೆಯಲ್ಲೇ ಗದ್ದೆ ಗದ್ದೆ ಕೆರೆದದ್ದಂತೆ. ಕೆಲವು ಜಾಗದಲ್ಲಿ ಇಡೀ ದಿನಕ್ಕೆ ನಾಲ್ಕೈದು ಚದರ ಮೀಟರ್. ಲಂಕೆಯ ಸೇನೆಯ ವಿರುದ್ಧ ಹೋರಾಡಿದ ತಮಿಳು ಸಂಘಟನೆ ಎಲ್‌ಟಿಟಿಇ ಮಾಡಿದ ಮರದ ಪೆಟ್ಟಿಗೆಯ ಮೈನುಗಳದ್ದು ಇನ್ನೊಂದು ಕಷ್ಟ: ಪೆಟ್ಟಿಗೆಯನ್ನು ಗೆದ್ದಲು ತಿಂದಿರುತ್ತದೆ, ಮದ್ದು ಹಾಗೇ ಇರುತ್ತದೆ.

“ಸಾಲಿಗೆ ಒಂದು ಮೀಟರ್ ಅಗಲ. ತೆಗೆದು ಮುಗಿದ ಬದಿಗೆ ಬಿಳಿ ಗೂಟ, ಇನ್ನೂ ಆಗದ ಬದಿಗೆ ಕೆಂಪು. ನೋಡು ಕುಂಞಿ, ಕೆಂಪು ದಾಟಿ ಒಂದು ಹೂವೂ ಕೀಳಬಾರದು.”

ಯಾರೆಲ್ಲ ಇದ್ದರು ಎಂದು ಕೇಳಿದೆ. ಕೈ ತೊಳೆಯುತ್ತ ಹೇಳಿದರು. ನೆಲಬಾಂಬು ತೆಗೆಯುವ ಬ್ರಿಟನ್ನಿನ ಹ್ಯಾಲೋ ಟ್ರಸ್ಟ್ ಮತ್ತು ಮ್ಯಾಗ್ ಸಂಸ್ಥೆಗಳು 2002ರಿಂದಲೇ ಶ್ರೀಲಂಕಾದಲ್ಲಿದ್ದವು. ಜಪಾನ್, ಅಮೆರಿಕ, ನಾರ್ವೆ, ಬ್ರಿಟನ್, ಆಸ್ಟ್ರೇಲಿಯ ದುಡ್ಡು ಕೊಡುತ್ತಿದ್ದವು. ಲಂಕೆಯ ಸೇನೆಯೇ ದೊಡ್ಡ ಪಾಲು ತೆಗೆಯಿತು. ತಂಡಗಳಲ್ಲಿ ಮಂಡಿಯೂರಿ ಕೂತವರಲ್ಲಿ ಆ ಊರಿನ ತಮಿಳು ಹೆಣ್ಣುಮಕ್ಕಳು ಬಹಳ, ಎಷ್ಟೋ ಜನ ಗಂಡನನ್ನು ಯುದ್ಧದಲ್ಲಿ ಕಳೆದುಕೊಂಡವರು. ಬೇರೆ ಬೇರೆ ತಂಡ, ಬೇರೆ ಬೇರೆ ಭಾಷೆ, ಗೂಟದ ಬಣ್ಣ ಮಾತ್ರ ಒಂದೇ.

ಒಬ್ಬರ ನೆಲದಲ್ಲಿ ಕಲಿತದ್ದು ಇನ್ನೊಬ್ಬರ ನೆಲಕ್ಕೆ ಹೋಗುವುದು ಈ ಕೆಲಸದಲ್ಲಿ ಮಾಮೂಲು. ಫಾಕ್ಲೆಂಡ್ ದ್ವೀಪಗಳಲ್ಲಿ 1982ರ ಯುದ್ಧದ ನೆಲಬಾಂಬುಗಳನ್ನು ತೆಗೆದು 2020ರ ನವೆಂಬರಿನಲ್ಲಿ ಮುಗಿಸಿದವರಲ್ಲಿ ಹೆಚ್ಚಿನವರು ಜಿಂಬಾಬ್ವೆಯವರು. ಅವರ ದೇಶದ ಗಡಿಯಲ್ಲೇ ಎಪ್ಪತ್ತರ ದಶಕದ ಮೈನುಗಳು ಇನ್ನೂ ಇದ್ದವು. ಮೊಜಾಂಬಿಕ್ 2015ರಲ್ಲಿ ಮೈನುಮುಕ್ತವಾಯಿತು. ಅಲ್ಲಿ ಮನುಷ್ಯರ ಜೊತೆ ತರಬೇತಾದ ಇಲಿಗಳೂ ಮದ್ದಿನ ವಾಸನೆ ಹಿಡಿದವು. ಮಗಳಿಗೆ ಮಗಾವ ಎಂಬ ಇಲಿ ಗೊತ್ತಿತ್ತು: ಕಾಂಬೋಡಿಯದಲ್ಲಿ ಒಟ್ಟು ನೂರಕ್ಕೂ ಹೆಚ್ಚು ಸ್ಫೋಟಕಗಳನ್ನು ಪತ್ತೆಹಚ್ಚಿದ್ದು, ನಡುವೆ 2020ರಲ್ಲಿ ಚಿನ್ನದ ಪದಕ ಪಡೆದದ್ದು. ಇಲಿ ಹಗುರ, ಮೈನಿನ ಮೇಲೆ ಓಡಿದರೂ ಅದು ಸಿಡಿಯದು. ಆಂಟಿ ಇದನ್ನು ಎರಡು ಸಲ ಹೇಳಿಸಿಕೊಂಡರು.

ನೆಲಬಾಂಬು ನಿಷೇಧದ ಒಪ್ಪಂದ 1997ರ ಡಿಸೆಂಬರಿನಲ್ಲಿ ಒಟ್ಟಾವದಲ್ಲಿ ಸಹಿಗೆ ತೆರೆಯಿತು, 1999ರ ಮಾರ್ಚ್ 1ರಂದು ಜಾರಿಗೆ ಬಂತು. ಅದರ ಆರನೆಯ ವಿಧಿಯಲ್ಲಿ ನೆರವಿನ ಮಾತಿದೆ: ಸಹಾಯ ಕೇಳುವುದು ಬಾಧಿತ ದೇಶದ ಹಕ್ಕು, ಶಕ್ತಿ ಇದ್ದವರು ಕೊಡಬೇಕು. ಶ್ರೀಲಂಕಾ 2017ರಲ್ಲಿ ಸೇರಿತು, ಮುಗಿಸಲು ಅದಕ್ಕೆ 2028ರ ಗಡುವಿದೆ. ಭಾರತ ಸಹಿ ಮಾಡಿಲ್ಲ. ಉದ್ದದ ಗಡಿಯ ಕಾರಣ ಸೇನೆ ಹೇಳುತ್ತದೆ, ಅದು ನನಗೆ ಅರ್ಥವಾಗದ್ದಲ್ಲ. ಆದರೆ ಸಹಿ ಮಾಡದ ದೇಶದ ನಿವೃತ್ತ ಸೈನಿಕರೇ ಮನ್ನಾರಿನಲ್ಲಿ ಮಂಡಿಯೂರಿದ್ದನ್ನು ಕೇಳಿದ ಮೇಲೆ, ನಾವೂ ಒಂದು ದಿನ ಆ ಹಾಳೆಗೆ ಹೆಸರು ಹಾಕಬೇಕು ಎಂಬುದು ನನ್ನ ಗಟ್ಟಿ ಆಸೆ. 2025ರಲ್ಲಿ ಫಿನ್ಲೆಂಡ್, ಪೋಲೆಂಡ್ ಮತ್ತು ಮೂರು ಬಾಲ್ಟಿಕ್ ದೇಶಗಳು ರಷ್ಯಾದ ಭಯದಿಂದ ಅದೇ ಒಪ್ಪಂದ ಬಿಟ್ಟು ಹೊರಡುವ ತೀರ್ಮಾನ ಮಾಡಿದವು. ಆ ಸುದ್ದಿ ಕೇಳಿ ಸುಬೇದಾರ್ರು ಹೇಳಿದ್ದು ಇಷ್ಟು: “ಇಡಲು ಒಬ್ಬನಿಗೆ ಐದು ನಿಮಿಷ ಸಾಕು. ಮೂರು ಡಾಲರಿನ ಮೈನು, ತೆಗೆಯಲು ಸಾವಿರ ಡಾಲರ್ ಆಗಬಹುದು ಅಂತ ಲೆಕ್ಕ ಹೇಳ್ತಾರೆ. ಆ ಸಾವಿರ ಯಾರದ್ದು ಅಂತ ಇಡುವ ದಿನ ಯಾರೂ ಕೇಳೋದಿಲ್ಲ.”

ಮಧ್ಯಾಹ್ನ ಅವರ ಗದ್ದೆಯಲ್ಲಿ ನಾಟಿ. ಒಂಬತ್ತು ಹೆಂಗಸರು ಪ್ಲಾಸ್ಟಿಕ್ ಕೊಪ್ಪೆ ಹೊದ್ದು ಸಾಲಾಗಿ ಬಗ್ಗಿದ್ದರು. ನಾನೂ ಇಳಿದೆ. ಬದುವಿನ ಮೇಲೆ ಕಾಲು ಜಾರಿ ಸೊಂಟದವರೆಗೆ ಕೆಸರಿಗೆ ಹೋದೆ, ಮೊಬೈಲೂ ಹೋಯಿತು. ಇಬ್ಬರು ಬಂದು ಎಳೆದರು. ಮೊಬೈಲನ್ನು ಅಕ್ಕಿಯಲ್ಲಿ ಹೂತಿಟ್ಟರೂ ಅದು ಜೀವ ಹಿಡಿಯಲಿಲ್ಲ. ಗದ್ದೆಗೆ ಇಳಿಯುವಾಗ ಫೋನು ದಡದಲ್ಲಿರಲಿ.

ಮೈ ತೊಳೆದು ಬದುವಿನ ಮೇಲೆ ಕೂತಾಗ ಸುಬೇದಾರ್ರು ಮನ್ನಾರಿನ ಇಂಥದ್ದೇ ಗದ್ದೆಯ ಮಾತು ತೆಗೆದರು. ಕೆಲಸ ಮುಗಿದು ನೆಲ ಒಪ್ಪಿಸುವ ದಿನ. ಕಾಗದಕ್ಕೆ ಸಹಿ ಆಯಿತು, ಅಧಿಕಾರಿ ಕೈಕುಲುಕಿದರು. ಗದ್ದೆಯ ಯಜಮಾನ, ವಯಸ್ಸಾದ ರೈತ, ಬದುವಿನ ಮೇಲೆ ನಿಂತವನು ಇಳಿಯಲಿಲ್ಲ. ಹದಿನಾಲ್ಕು ವರ್ಷ ಅವನು ಆ ಬದು ದಾಟಿರಲಿಲ್ಲ. “ನಾನು ಬೂಟು ಬಿಚ್ಚಿದೆ. ಬರಿಗಾಲಲ್ಲಿ ಉದ್ದಕ್ಕೆ ಒಂದು ಸಲ, ಅಡ್ಡಕ್ಕೆ ಒಂದು ಸಲ ನಡೆದೆ. ವಾಪಸು ಬರುವಾಗ ನೋಡಿದರೆ ಅವನು ಇಳಿದಿದ್ದಾನೆ. ಆದರೆ ನನ್ನ ಹೆಜ್ಜೆಯ ಗುರುತಿನ ಮೇಲೇ ಕಾಲಿಡುತ್ತಾ ಇದ್ದಾನೆ.”

“ಆಮೇಲೆ?”

“ಆಮೇಲೆ ನಾನು ಮತ್ತೆ ನಡೆದೆ. ಕತ್ತಲಾಗುವ ತನಕ. ಇಡೀ ಗದ್ದೆಯಲ್ಲಿ ಹೆಜ್ಜೆ ತುಂಬಿಸಿದೆ.”

ನಾಲ್ಕನೆಯ ದಿನ

ಪಾಡಿ ಇಗ್ಗುತ್ತಪ್ಪನ ಗುಡಿಗೆ ಹೋಗಿಬಂದೆವು. ಮಳೆಬೆಳೆಯ ದೇವರು. ಮಂಜಿನಲ್ಲಿ ಗಂಟೆಯ ಸದ್ದು ಮೊದಲು ಬಂದು, ಗುಡಿ ಆಮೇಲೆ ಕಂಡಿತು. ಕಕ್ಕಬ್ಬೆಯಲ್ಲಿ ಒಂದು ಬಾಟಲಿ ಜೇನು ಕೊಂಡೆವು. ಆಂಟಿ ಮದ್ದುಸೊಪ್ಪಿನ ಎರಡು ಕಂತೆಯನ್ನು ಬಾಳೆಲೆಯಲ್ಲಿ ಸುತ್ತಿ ಕೊಟ್ಟರು, ಒಂದು ಅಡುಗೆಗೆ, ಒಂದು ಮಗಳ ಕಾಲೇಜಿಗೆ. ಹೊರಡುವಾಗ ಸುಬೇದಾರ್ರು ಗೇಟಿನವರೆಗೆ ಮುಂದೆ ನಡೆದರು. ಕೈಯಲ್ಲಿದ್ದ ದೊಣ್ಣೆಯಿಂದ ದಾರಿಯ ನೀರುಗುಂಡಿಗಳನ್ನು ಮುಟ್ಟುತ್ತ ಹೋಗುತ್ತಿದ್ದರು, ಪ್ರತಿಯೊಂದನ್ನೂ ಓರೆಯಾಗಿ.

ಬೊಳಿಬಾಣೆಯಲ್ಲಿ ನೀರು ಅರ್ಧ ಇಳಿದಿತ್ತು. ನಮ್ಮ ಮುಂದೆ ಇವತ್ತು ಯಾವ ಜೀಪೂ ಇರಲಿಲ್ಲ. ರಸ್ತೆ ಕುಸಿದ ಬದಿಗೆ ಊರವರು ಯಾರೋ ಸಾಲಾಗಿ ಬಿದಿರಿನ ಗಳು ನೆಟ್ಟು, ಪ್ರತಿಯೊಂದರ ತುದಿಗೂ ಹಳೆಯ ಕೆಂಪು ಸೀರೆಯ ಚೂರು ಕಟ್ಟಿದ್ದರು. ಮಗಳು ಕಿಟಕಿ ಇಳಿಸಿ ತಲೆ ಹೊರಗೆ ಹಾಕಿದಳು.

“ಅಮ್ಮ, ಕೆಂಪು ಎಡಕ್ಕಿದೆ. ನೀನು ಬಲಕ್ಕೇ ಇರು. ಇನ್ನೂ ಸ್ವಲ್ಪ ಬಲಕ್ಕೆ.”

ಹನ್ನೆರಡು ಗಳು ಎಣಿಸಿದೆವು. ಹನ್ನೆರಡನೆಯದು ದಾಟಿದ ಮೇಲೆ ಅವಳು ಕಿಟಕಿ ಏರಿಸಿದಳು.